ಲಾವಾ ನಿಲ್ಲಿಸಿದ ನೀರು

ಬೆಂಕಿಬೆಟ್ಟದ ಬುಡದ ಬಯಲಿನ ಊರು ಕೋವ ಗ್ರಾಂದದಲ್ಲಿ ಬೆಳಗಿನಿಂದ ಎಲ್ಲರೂ ತಂತಮ್ಮ ಮನೆಯ ಬಾಗಿಲು ಕೀಳುತ್ತಿದ್ದರು. ಬಾಗಿಲಾದ ಮೇಲೆ ಕಿಟಕಿ, ಕಿಟಕಿಯಾದ ಮೇಲೆ ಸೂರಿನ ತೊಲೆ, ತಗಡು. ಲಾವಾ ಬಂದು ಮುಟ್ಟುವ ಮೊದಲು ತಮ್ಮ ಮನೆಯನ್ನು ತಾವೇ ಬಿಚ್ಚಿಕೊಳ್ಳುವುದು ಆ ಬಯಲಿನವರ ರೂಢಿ. ಗೋಡೆಯ ಕಲ್ಲು ಬೆಟ್ಟವೇ ಕೊಟ್ಟದ್ದು, ಬೆಟ್ಟ ವಾಪಸು ಕೇಳಿದರೆ ಕೊಡಬೇಕಾದ್ದೇ. ಮರ ಹಾಗಲ್ಲ, ಅದು ಹಡಗಿನಲ್ಲಿ ಬಂದದ್ದು. ಅದನ್ನು ಬಿಟ್ಟು ಹೋಗುವವನು ಶುದ್ಧ ಪೆದ್ದ. ಕತ್ತೆಗಳ ಬೆನ್ನ ಮೇಲೆ ಬಾಗಿಲು, ಹೆಂಗಸರ ತಲೆಯ ಮೇಲೆ ಕಿಟಕಿಯ ಚೌಕಟ್ಟು, ವೈನ್ ಪೀಪಾಯಿ ಉರುಳಿಸಿಕೊಂಡು ಹೋಗುವ ಗಂಡಸರು. ಊರಿಗೆ ಊರೇ ಬೂದಿಯ ದಾರಿಯಲ್ಲಿ ಕೆಮ್ಮುತ್ತ ನಡೆದಿತ್ತು.

ಜುಲ್ಮೀರಳ ಮನೆಯ ಬಾಗಿಲು ಮಾತ್ರ ಕೀಲಿನ ಮೇಲೆ ಹಾಗೇ ನಿಂತಿತ್ತು. ಅವಳ ಗಂಡ ವೆನಾನ್ಸು ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ಅವನು ಅಂಗಳದ ಮಳೆನೀರಿನ ತೊಟ್ಟಿಯ ಚಪ್ಪಡಿ ಮೇಲೆ ಕಾಲು ಮಡಿಸಿ ಕೂತು ಪೈಪು ಸೇದುತ್ತಿದ್ದ. ಪಕ್ಕದಲ್ಲಿ ಅರ್ಧ ಬಾಟಲಿ ವೈನು, ಒಂದು ತುಂಡು ಆಡಿನ ಚೀಸು. ಮದುವೆ ಮನೆಗೆ ಬೇಗ ಬಂದು ಊಟಕ್ಕೆ ಕಾಯುವ ನೆಂಟನ ಹಾಗೆ ಕೂತಿದ್ದ ಪುಣ್ಯಾತ್ಮ.

ಬೆಟ್ಟ ಹೋದ ವಾರ ಬಿರಿದಿತ್ತು. ತುದಿಯಲ್ಲಿ ಅಲ್ಲ. ತುದಿಯ ದೊಡ್ಡ ಬಾಯಿ ಮುಚ್ಚಿ ತಲೆಮಾರುಗಳಾದವು. ಈಗ ಅದು ಪ್ರತಿ ಸಲವೂ ಬುಡದಲ್ಲಿ ಒಂದು ಹೊಸ ಬಾಯಿ ತೆರೆಯುತ್ತದೆ, ಉಗುಳುತ್ತದೆ, ಸುತ್ತ ಒಂದು ಕರಿಗುಡ್ಡೆ ಕಟ್ಟಿ ಸುಮ್ಮನಾಗುತ್ತದೆ. ಬಯಲಿನ ತುಂಬ ಅಂಥ ಗುಡ್ಡೆಗಳು. ಅಲ್ಲಿಯವರು ಕಾಲವನ್ನು ಅಳೆಯುವುದೂ ಅದರಲ್ಲೇ. ಅಜ್ಜನ ಲಾವಾ ಎಂದರೆ ಪುಡಿಯಾಗಿ ಮಣ್ಣಾಗಿ ಈಗ ದ್ರಾಕ್ಷಿ ಬೆಳೆಯುವ ನೆಲ. ಹಿಂದಿನ ಸಲದ ಲಾವಾ ಎಂದರೆ ಇನ್ನೂ ಪಾಚಿಯೂ ಹಿಡಿಯದ ಬರೀ ಕಲ್ಲು. ಈ ಸಲದ್ದು ಮೊದಲೆರಡು ದಿನ ಹಗ್ಗದ ಲಾವಾ ಆಗಿ ನುಣ್ಣಗೆ, ಮಡಿಕೆ ಮಡಿಕೆಯಾಗಿ ಹರಿಯಿತು. ಆಮೇಲೆ ಕಿಟ್ಟದ ಲಾವಾ ಆಯಿತು. ಎರಡಾಳೆತ್ತರ ಕರಿಕಿಟ್ಟದ ರಾಶಿ, ಒಳಗೆ ಕೆಂಪು ಕೆಂಡ, ಮೇಲಿನಿಂದ ಕಲ್ಲುಗಳು ಕಳಚಿ ಉರುಳುತ್ತ ಮಡಕೆ ಒಡೆದ ಸದ್ದು ಮಾಡುತ್ತ ಬರುತ್ತದೆ. ಮನುಷ್ಯ ನಡೆದರೆ ತಪ್ಪಿಸಿಕೊಳ್ಳಬಹುದು. ಮನೆಗೆ ಕಾಲಿಲ್ಲವಲ್ಲ. ಆಗಲೇ ಚರ್ಚು ಹೋಗಿತ್ತು, ಶಾಲೆ ಹೋಗಿತ್ತು. ಈಗ ಅದು ತಗ್ಗನ್ನೆಲ್ಲ ತುಂಬಿಕೊಂಡು ಮೇಲೇರುತ್ತ ಕೆಳಗಿನ ಮನೆಯ ಹಿತ್ತಲಿಗೆ ಬಂದಿತ್ತು.

ಕೆಳಗಿನ ಮನೆ ಕಿಂತೀನುವಿನದು. ಕಿಂತೀನುವಿನ ಹಿರಿಮಗಳಿಗೆ ವೆನಾನ್ಸು ಜ್ಞಾನಸ್ನಾನದ ತಂದೆ. ಅಂದಿನಿಂದ ಕಿಂತೀನು ಜುಲ್ಮೀರಳನ್ನು ಕುಮಾದ್ರಿ ಎನ್ನುತ್ತಾನೆ, ಅವಳು ಅವನನ್ನು ಕುಂಪಾದ್ರಿ ಎನ್ನುತ್ತಾಳೆ. ಅಲ್ಲಿ ಬೀಗತನಕ್ಕಿಂತ ಹತ್ತಿರದ ಸಂಬಂಧ ಅದು. ಬೆಳಿಗ್ಗೆ ಅವನು ತನ್ನ ಬಾಗಿಲನ್ನು ತಲೆಯ ಮೇಲಿಟ್ಟುಕೊಂಡು ಅವಳ ಅಂಗಳದ ಮುಂದೆ ಹಾದುಹೋಗಿದ್ದ.

"ಏನ್ ಕುಮಾದ್ರಿ, ಬಾಗ್ಲು ಹಾಗೇ ಬಿಟ್ಟಿದೀಯ? ಲಾವಾ ಬಂದು ತಟ್ಲಿ ಅಂತಾನಾ?"

"ನಿನ್ ಗೆಳೆಯನ್ನ ಕೇಳು ಕುಂಪಾದ್ರಿ. ನನ್ ಮಾತು ಎಲ್ಲಿ ನಡೆಯತ್ತೆ ಈ ಮನೇಲಿ. ನೀವು ತೊಟ್ಟಿ ಖಾಲಿ ಮಾಡಿದ್ರಾ?"

"ಅದೆಲ್ಲ ಆಗತ್ತೆ ಬಿಡು," ಎಂದು ಅವನು ನಕ್ಕು ಮುಂದೆ ಹೋಗಿದ್ದ. ಅವಳು ಅದನ್ನು ಹೌದು ಎಂದೇ ತಿಳಿದುಕೊಂಡಳು.

ತೊಟ್ಟಿ ಖಾಲಿ ಮಾಡುವುದು ಹಿರಿಯರ ಕಟ್ಟಪ್ಪಣೆ. ಊರು ತೆರವು ಮಾಡಿಸಲು ಬಂದ ಸೈನಿಕರೂ ಮೂರು ದಿನದಿಂದ ಅದನ್ನೇ ಕೂಗಿಕೊಂಡು ತಿರುಗುತ್ತಿದ್ದರು. ತುಂಬಿದ ತೊಟ್ಟಿಯ ಮೇಲೆ ಲಾವಾ ಹತ್ತಿತೋ, ಒಳಗಿನ ನೀರು ಕುದಿದು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಚಪ್ಪಡಿಯನ್ನೂ ಲಾವಾವನ್ನೂ ಹತ್ತಿರ ನಿಂತವರನ್ನೂ ಸಿಡಿಸಿ ಎಸೆಯುತ್ತದೆ. ಆದರೆ ಹೇಳುವುದು ಸುಲಭ. ಆ ದ್ವೀಪದಲ್ಲಿ ಹೊಳೆಯಿಲ್ಲ, ಬಾವಿಯಿಲ್ಲ, ಮಳೆ ಬಂದರೆ ಬಂತು. ಮುಖ ತೊಳೆದ ನೀರಿನಲ್ಲಿ ಪಾತ್ರೆ ತೊಳೆದು, ಪಾತ್ರೆ ತೊಳೆದ ನೀರನ್ನು ಬಳ್ಳಿಗೆ ಹಾಕುವ ಜನ. ಅಂಥವರಿಗೆ ತುಂಬಿದ ತೊಟ್ಟಿ ಚೆಲ್ಲು ಎಂದರೆ ಎದೆಹಾಲನ್ನು ಬೂದಿಗೆ ಹಿಂಡು ಎಂದ ಹಾಗೆ. ಹಲ್ಲು ಕಚ್ಚಿಕೊಂಡು ಚೆಲ್ಲುತ್ತಿದ್ದರು, ಹಿಂದಿನ ಸಲದವರೆಗೆ.

ಹಿಂದಿನ ಸಲ ಏನಾಯಿತೆಂದರೆ, ವೆನಾನ್ಸುವಿನ ತೊಟ್ಟಿಯ ಮುಂದೆ ಲಾವಾ ನಿಂತುಬಿಟ್ಟಿತು.

ಆಗ ಜುಲ್ಮೀರಳಿಗೆ ಇನ್ನೂ ತಲೆಗೂದಲು ಕಪ್ಪಗಿತ್ತು. ಆ ವರ್ಷ ಲಾವಾ ವೆನಾನ್ಸುವಿನ ದ್ರಾಕ್ಷಿಯನ್ನೆಲ್ಲ ನುಂಗಿತು, ತಂದೆ ನೆಟ್ಟ ಅಂಜೂರದ ಮರಗಳನ್ನು ನುಂಗಿತು. ಮೊದಲೇ ಮಕ್ಕಳಿಲ್ಲದ ಗಂಡಸು; ಗ್ರೋಗು ಎಂಬ ಕಬ್ಬಿನ ಸಾರಾಯಿ ಕುಡಿಯಲು ಕೂತಲ್ಲಿ 'ಒಣಬಳ್ಳಿ' ಎಂದು ಹಿಂದಿನಿಂದ ಹಂಗಿಸುವವರಿದ್ದರು. ಬಳ್ಳಿಯೂ ಹೋದ ಮೇಲೆ ಅವನು ಉಣ್ಣುವುದು ಬಿಟ್ಟ, ಮಾತು ಬಿಟ್ಟ. ಒಂದು ಸಂಜೆ ಅವನು ಲಾವಾದ ತೀರಾ ಹತ್ತಿರ ನಿಂತಿದ್ದನ್ನು ಅವಳು ನೋಡಿದಳು. ಗಡ್ಡ ಸುಟ್ಟು ಕಮಟು ವಾಸನೆ ಬರುತ್ತಿತ್ತು, ಆದರೂ ಹಿಂದೆ ಸರಿಯುತ್ತಿರಲಿಲ್ಲ. ಅವಳು ರಟ್ಟೆ ಹಿಡಿದು ಎಳೆದು ತಂದಳು. ಮಾರನೇ ದಿನ ಹಾಸಿಗೆ ಹಿಡಿದಿದ್ದ ಅತ್ತೆಯನ್ನೂ ಆಡುಗಳನ್ನೂ ಕೆಳಗೆ ಸಾವ್ ಫಿಲಿಪ್ ಪಟ್ಟಣಕ್ಕೆ ಸಾಗಿಸು ಎಂದು ಅವನನ್ನು ನೂಕಿ ಕಳಿಸಿದಳು. ಅವನು ದಿಣ್ಣೆ ದಾಟಿದ್ದೇ ತಡ, ತೊಟ್ಟಿಯ ಕೆಳಬದಿಗೆ ಹೋಗಿ ತೂಬಿನ ಗೂಟವನ್ನು ಕಲ್ಲಿನಿಂದ ಬಡಿದು ಕಿತ್ತಳು. ನೀರೆಲ್ಲ ಕರಿಬೂದಿಯ ಪಾಲಾಯಿತು. ಯಾರಾದರೂ ನೋಡಿಯಾರು ಎಂಬ ನಾಚಿಕೆಗೆ ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತಳು.

ವೆನಾನ್ಸು ಮರಳಿ ಬಂದಾಗ ಲಾವಾ ತೊಟ್ಟಿಯ ಗೋಡೆಗೆ ಒಂದು ಮಾರು ದೂರದಲ್ಲಿ ನಿಂತು ತಣ್ಣಗಾಗುತ್ತಿತ್ತು. ಅದು ನಿಂತದ್ದು ಮೇಲೆ ಬೆಟ್ಟದ ಬಾಯಿ ಮುಚ್ಚಿಕೊಂಡದ್ದರಿಂದ. ಅವನಿಗೆ ಅದು ಹೇಗೆ ಗೊತ್ತಾಗಬೇಕು? ಮೊಣಕಾಲೂರಿ ಬಿದ್ದ.

"ಜುಲ್ಮೀರಾ! ನೋಡೇ! ನನ್ ನೀರು ಕಂಡು ಹೆದ್ರಿ ನಿಂತಿದೆ ಕಣೇ ಇದು!"

ಅವನು ಅಳುತ್ತಿದ್ದ, ನಗುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಅವಳು ಬಾಯಿ ತೆರೆದಳು, ಮುಚ್ಚಿದಳು. ನೀರೆಲ್ಲಿ ಎಂದು ಆಮೇಲೆ ಅವನು ಕೇಳಿದಾಗ, ಸೈನಿಕರು ಕುಡಿದರು, ಆಡುಗಳು ಕುಡಿದವು ಎಂದು ಏನೋ ಒಂದು ಹೇಳಿದಳು. ನಂಬಬೇಕು ಎಂದು ನಿಂತವನಿಗೆ ಅಷ್ಟು ಸಾಕಾಯಿತು.

ಅಂದಿನಿಂದ ವೆನಾನ್ಸು ಬೇರೆಯೇ ಮನುಷ್ಯ. ಮದುವೆಯಲ್ಲಿ, ಸತ್ತವರ ಮನೆಯಲ್ಲಿ, ಸುಗ್ಗಿಯಲ್ಲಿ ಅವನದೇ ಕಥೆ. ಹೇಳುತ್ತ ಹೇಳುತ್ತ ಒಂದು ಮಾರು ಒಂದು ಗೇಣಾಯಿತು, ಗೇಣು ಹೋಗಿ ಬೆರಳಾಯಿತು. "ಬೇಕಾದ್ರೆ ನಮ್ಮ ಜುಲ್ಮೀರನ್ನ ಕೇಳಿ," ಎಂದು ಕೊನೆಗೆ ಅವಳ ಕಡೆ ಕೈ ತೋರಿಸುತ್ತಿದ್ದ. ಅವಳು ಬಟ್ಟಲಿಗೆ ಮೆಕ್ಕೆಜೋಳ, ಕಾಳು ಬೇಯಿಸಿದ ಕಚ್ಚೂಪ ಬಡಿಸುತ್ತ, ತಲೆ ಎತ್ತದೆ, ಹೌದು ಎನ್ನುತ್ತಿದ್ದಳು. ಒಣಬಳ್ಳಿ ಎನ್ನುತ್ತಿದ್ದವರೇ ಈಗ ಹೊಸ ತೊಟ್ಟಿಗೆ ಜಾಗ ತೋರಿಸು ಎಂದು ಅವನನ್ನು ಕರೆದೊಯ್ಯುತ್ತಿದ್ದರು. ಇನ್ನು ಒಂದು ಹನಿಯೂ ಹೋಗಬಾರದೆಂದು ಅವನು ತನ್ನ ತೊಟ್ಟಿಯ ತೂಬಿಗೆ ಸಿಮೆಂಟು ಮೆತ್ತಿಬಿಟ್ಟ. ಅವನು ಮೆತ್ತುವಾಗ ಕರಣೆ ಕೈಗೆ ಕೊಟ್ಟವಳೂ ಅವಳೇ. ಗಂಡ ಚೆನ್ನಾಗಿ ಉಂಡು ನಿದ್ದೆ ಮಾಡುತ್ತಿದ್ದಾನಲ್ಲ, ಅಷ್ಟಾದರೆ ಸಾಕು, ಬೆಟ್ಟ ಮತ್ತೆ ಬಿರಿಯುವುದು ಯಾವ ಕಾಲಕ್ಕೋ ಎಂದುಕೊಂಡಿದ್ದಳು.

ಈಗ ಆ ಕಾಲ ಹಿತ್ತಲಿಗೇ ಬಂದು ನಿಂತಿತ್ತು.

"ಏಳು ವೆನಾನ್ಸು. ಕೊನೇ ಲಾರಿ ಹೊರಡೋ ಹೊತ್ತಾಯ್ತು."

"ಹೋಗ್ಲಿ ಬಿಡು. ಲಾರಿಗೇನು, ನಾಳೆ ವಾಪಸ್ ಬರೋವಾಗ ನಮ್ಮನೇ ಮುಂದೇನೇ ನಿಲ್ಸಿ ನೀರು ಕೇಳ್ತಾರೆ. ಕೂತ್ಕೋ, ಒಂದ್ ಲೋಟ ಹಾಕ್ಕೋ."

"ನಿನ್ ತಲೆ ಮೇಲೆ ಹಾಕ್ತೀನಿ ನೋಡು ಲೋಟಾನ! ಈ ಬಿಸಿ ಗೊತ್ತಾಗ್ತಿಲ್ವಾ ನಿಂಗೆ? ಕಿಂತೀನು ಮನೆ ಹಿತ್ಲಿಗೆ ಬಂದಾಯ್ತು."

"ಬರ್ಲಿ. ಇಲ್ಲಿಗ್ ಬಂದು ನಿಲ್ಲತ್ತೆ. ಇದು ಮೊದಲ್ನೇ ಸಲಾನಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ಬೈದಳು, ಬೇಡಿಕೊಂಡಳು, ಸಾಂತ ಲುಜಿಯಾಳ ಮೇಲೆ ಆಣೆ ಹಾಕಿದಳು. ಕತ್ತೆಯ ಮೇಲೆ ಹಾಸಿಗೆ ಹೊರಿಸಿ ತಂದು ಎದುರಿಗೆ ನಿಲ್ಲಿಸಿದಳು. ಅವನು ಕತ್ತೆಗೇ ಒಂದು ತುಂಡು ಚೀಸು ಕೊಟ್ಟ. ಬೂದಿ ಅವನ ಹುಬ್ಬಿನ ಮೇಲೆಲ್ಲ ಕೂತಿತ್ತು. ಬುಡದಿಂದ ಬರುವ ಗುಡುಗಿಗೆ ಚಪ್ಪಡಿ ಅದುರಿ ಬಾಟಲಿ ತಾನೇ ಸರಿಯುತ್ತಿತ್ತು. ಈ ಮನುಷ್ಯ ಇಲ್ಲೇ ಸಾಯುತ್ತಾನೆ. ಸಾಯಿಸುತ್ತಿರುವುದು ತನ್ನದೇ ಸುಳ್ಳು. ಹೇಳಿದರೆ ಅವನ ಜೀವ ಉಳಿಯುತ್ತದೆ, ಆದರೆ ಇಷ್ಟು ವರ್ಷ ಅವನು ಯಾವುದರ ಮೇಲೆ ತಲೆಯೆತ್ತಿ ನಡೆದನೋ ಅದು ಹೋಗುತ್ತದೆ. ಹೋಗಲಿ, ಜೀವ ಇದ್ದರೆ ತಾನೇ ತಲೆ ಎಂದುಕೊಂಡಳು.

"ಆವತ್ತು ತೊಟ್ಟಿ ಖಾಲಿ ಇತ್ತು ವೆನಾನ್ಸು."

"ಯಾವತ್ತು?"

"ಹಿಂದಿನ್ ಸಲ. ನೀನು ನಿಮ್ಮವ್ವನ್ನ ಕರ್ಕೊಂಡು ಕೆಳಗ್ ಹೋದ್ಯಲ್ಲ, ಆಗ ನಾನೇ ತೂಬು ಕಿತ್ತು ಚೆಲ್ದೆ. ಒಂದು ತೊಟ್ಟೂ ಇರ್ಲಿಲ್ಲ. ನಿನ್ ನೀರು ನೋಡಿ ಲಾವಾ ನಿಲ್ಲಲಿಲ್ಲ. ಅದು ತಾನಾಗೇ ನಿಲ್ತು."

ವೆನಾನ್ಸು ಪೈಪು ಬಾಯಿಂದ ತೆಗೆದು ಗಹಗಹಿಸಿ ನಕ್ಕ. "ಭಲೇ! ಗಂಡನ್ನ ಎಬ್ಸೋಕೆ ಎಂಥ ಕಥೆ ಕಟ್ಟಿದೀಯೇ! ಇದನ್ನ ಮೊದ್ಲೇ ಹೇಳಿದ್ರೆ ನನ್ ಕಥೆ ಜೊತೆ ಇದನ್ನೂ ಹೇಳ್ತಿದ್ದೆ."

"ತೂಬಿನ ಗೂಟ ಹುಡುಕ್ದೆ ನೀನು. ನೆನಪಿದ್ಯಾ? ಎಲ್ಲೂ ಸಿಗ್ಲಿಲ್ಲ ಅಂತ ಹೊಸದು ಕೆತ್ತಿದೆ. ಅದನ್ನ ನಾನು ಒಲೆಗೆ ಹಾಕಿದ್ದೆ."

ಅವನ ನಗು ಅರ್ಧಕ್ಕೆ ನಿಂತಿತು.

"ಆಡು ಕುಡಿದ್ವು ಅಂದೆ ನಿಂಗೆ. ಆಡುಗಳ್ನ ನೀನೇ ಹೊಡ್ಕೊಂಡು ಸಾವ್ ಫಿಲಿಪ್‌ಗೆ ಹೋಗಿದ್ದೆ ಕಣೋ. ಇಲ್ಲಿ ಒಂದ್ ಆಡಾದ್ರೂ ಇತ್ತಾ?"

ವೆನಾನ್ಸುವಿನ ಕೈಯಲ್ಲೇ ಪೈಪು ಆರಿತು. ಅವನ ಮುಖ ಹಂತ ಹಂತವಾಗಿ ಇಳಿಯುವುದನ್ನು ಅವಳು ನೋಡಬೇಕಾಯಿತು. ಅಯ್ಯೋ, ಬೈದಿದ್ದರೆ, ಎರಡು ಏಟು ಕೊಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು ಅವಳಿಗೆ.

"ಎಷ್ಟ್ ಮದ್ವೇಲಿ ಹೇಳ್ದೆ ನಾನು," ಎಂದ ಕೊನೆಗೆ. ದನಿ ಬಿದ್ದುಹೋಗಿತ್ತು. "ನೀನು ಪಕ್ಕದಲ್ಲೇ ನಿಂತಿರ್ತಿದ್ದೆ. ಹೌದು ಅಂತಿದ್ದೆ. ನನ್ನ ಕೋತಿ ಮಾಡಿ ಕುಣಿಸ್ದೆಯಲ್ಲೇ ಜುಲ್ಮೀರಾ."

"ಬದುಕಿಸ್ದೆ ಕಣೋ ನಿನ್ನ! ನೀನು ಲಾವಾ ಮುಂದೆ ಗಡ್ಡ ಸುಟ್ಕೊಂಡು ನಿಂತಿದ್ದೆ. ಮರೆತ್ಯಾ? ಈಗ್ಲೂ ಬದುಕಿಸೋಕೇ ಹೇಳ್ತಿದೀನಿ. ಏಳು."

ಅವನು ಎದ್ದ. ಚಪ್ಪಡಿಯಿಂದ ಇಳಿದು, ಯಾರೋ ಬೇರೆಯವರ ಅಂಗಳಕ್ಕೆ ಬಂದವನಂತೆ ಸುತ್ತ ನೋಡಿದ. ಕತ್ತೆಯ ಹಗ್ಗ ಅವಳು ಅವನ ಕೈಗೆ ಕೊಟ್ಟಳು, ಅವನು ಹಿಡಿದುಕೊಂಡ. ಜುಲ್ಮೀರಳಿಗೆ ಉಸಿರು ಬಂತು. ಸಿಟ್ಟು ಮಾಡಿಕೊಳ್ಳಲಿ, ವರ್ಷಗಟ್ಟಲೆ ಮಾತು ಬಿಡಲಿ, ಬಿಡಾರದ ಡೇರೆಯಲ್ಲಿ ಬೆನ್ನು ಹಾಕಿ ಮಲಗಲಿ, ಬದುಕಿದನಲ್ಲ. ಅವಳು ಕತ್ತೆಯ ಬೆನ್ನು ತಟ್ಟಿ ಹೊರಡಿಸಿದಳು.

ಬೇಲಿಗೋಡೆಯ ಹತ್ತಿರ ಬಂದಾಗ ಅವನು ಗಕ್ಕನೆ ನಿಂತ.

"ಕಿಂತೀನು," ಎಂದ.

"ಏನು ಕಿಂತೀನು?"

"ಅವ್ನ ತೊಟ್ಟಿ ತುಂಬಿದೆ ಕಣೇ. ಖಾಲಿ ಮಾಡ್ಬೇಡ ಅಂತ ನಾನೇ ಹೇಳ್ದೆ. ಅರ್ಧ ಇತ್ತು, ಟ್ಯಾಂಕರಿಂದ ತರಿಸಿ ತುಂಬಿಸ್ದ. ನನ್ ಮಾತು ಕೇಳಿ ತುಂಬಿಸ್ದ! ಈಗ ಅದ್ರ ಮೇಲೇ ಕೂತಿರ್ತಾನೆ!"

ಇಷ್ಟು ವರ್ಷ ಜುಲ್ಮೀರ ಆ ಸುಳ್ಳು ತನ್ನ ಮನೆಯೊಳಗೇ ಇದೆ, ಗಂಡ ಹೆಂಡಿರ ನಡುವಿನ ಗುಟ್ಟು ಎಂದುಕೊಂಡಿದ್ದಳು. ಅದು ಯಾವಾಗಲೋ ಬೇಲಿ ದಾಟಿ ಊರು ಸೇರಿತ್ತು. ವೆನಾನ್ಸು ಹಗ್ಗ ಬಿಟ್ಟು ಕೆಳಗೆ ಓಡಿದ. ಮಂಡಿ ನೋವೆಂದು ಕೋಲಿಲ್ಲದೆ ನಡೆಯದ ಮನುಷ್ಯ, ಕಲ್ಲಿನಿಂದ ಕಲ್ಲಿಗೆ ಹಾರಿ ಓಡಿದ. ಅವಳು ಕೂಗುತ್ತ ಹಿಂದೆ ಹೋದಳು, ಕಿಂತೀನುವಿನ ಅಂಗಳದ ಗೋಡೆಯವರೆಗೆ. ಅಲ್ಲಿಂದ ಮುಂದೆ ಬಿಸಿ ಮುಖಕ್ಕೆ ಬಡಿದು ಹೋಗಲಾಗಲಿಲ್ಲ.

ಬಾಗಿಲು ಸಾಗಿಸಿ ವಾಪಸು ಬಂದಿದ್ದ ಕಿಂತೀನು ತೊಟ್ಟಿಯ ಚಪ್ಪಡಿಯ ಮೇಲೆ ಕೂತಿದ್ದ. ಬಾಗಿಲಿಲ್ಲದ, ಸೂರಿಲ್ಲದ ಮನೆಯ ಪಕ್ಕದಲ್ಲಿ, ವೆನಾನ್ಸು ಕೂತಿದ್ದ ಹಾಗೆಯೇ, ಕಾಲು ಮಡಿಸಿ. ತೊಟ್ಟಿಯ ಹಿಂದೆ ಕಿಟ್ಟದ ರಾಶಿ ಗೋಡೆಯ ಮಟ್ಟಕ್ಕೆ ಏರಿತ್ತು.

"ಎದ್ದೇಳೋ ಕುಂಪಾದ್ರಿ! ಸುಳ್ಳು ಕಣೋ ಅದು! ಆವತ್ತು ನನ್ ತೊಟ್ಟಿ ಖಾಲಿ ಇತ್ತಂತೆ!"

"ಯಾರಂದ್ರು?"

"ಜುಲ್ಮೀರ. ಅವಳೇ ಚೆಲ್ಲಿದ್ದಂತೆ."

ಕಿಂತೀನು ಗೋಡೆಯಾಚೆ ನಿಂತ ಜುಲ್ಮೀರಳ ಕಡೆ ನೋಡಿ ತಲೆ ಅಲ್ಲಾಡಿಸಿದ. "ನಿನ್ನ ಅಲ್ಲಿಂದ ಎಬ್ಸೋಕೆ ಹೇಳಿದ್ದು ಕಣೋ ಪೆದ್ದೇ. ಹೆಂಗಸ್ರು ಹಾಗೇನೇ. ನನ್ ಹೆಂಡ್ತಿ ಬೆರ್ತಾನೂ ಬೆಳಿಗ್ಗೆ ಎದೆ ನೋವು ಅಂತ ನಾಟ್ಕ ಆಡಿದ್ಲು. ನಾನ್ ನನ್ ಕಣ್ಣಾರೆ ನೋಡಿಲ್ವಾ, ಒಂದ್ ಬೆರಳು ದೂರದಲ್ಲಿ ನಿಂತಿದ್ದು?"

"ಬೆರಳಲ್ಲ, ಮಾರು!" ಎಂದು ವೆನಾನ್ಸು ಕಿರುಚಿದ. "ಒಂದ್ ಮಾರು ಇತ್ತು! ನಾನೇ ಬೆರಳು ಮಾಡಿದ್ದು! ಎಲ್ಲ ನಾನೇ ಮಾಡಿದ್ದು!"

ಕಿಂತೀನು ಏಳಲಿಲ್ಲ. ಆಗ ವೆನಾನ್ಸು ಅವನ ಹೆಗಲು ಹಿಡಿದು ಪಕ್ಕಕ್ಕೆ ತಳ್ಳಿ, ಬಾಯಿಮುಚ್ಚಳ ಎತ್ತಿ ಒಗೆದು, ಬಕೆಟ್ಟನ್ನು ತೊಟ್ಟಿಗೆ ಬಿಟ್ಟ. ಎಳೆದ, ಅಂಗಳಕ್ಕೆ ಚೆಲ್ಲಿದ. ಮತ್ತೆ ಬಿಟ್ಟ.

"ಏ! ನೀರು ಚೆಲ್ಬೇಡ್ವೋ!" ಕಿಂತೀನು ಬಕೆಟ್ಟಿಗೆ ಕೈ ಹಾಕಿದ.

"ನಾನ್ ತುಂಬಿಸಿದ್ದು, ನಾನೇ ಖಾಲಿ ಮಾಡ್ತೀನಿ. ಬಿಡು!"

"ನೀರು ಹಾಳಾಗ್ ಹೋಗ್ಲಿ!" ಎಂದು ಜುಲ್ಮೀರ ಗಂಟಲು ಹರಿಯುವಂತೆ ಕೂಗಿದಳು. "ನೀವ್ ಬನ್ರೋ! ನಿಮ್ ಕಾಲಿಗ್ ಬೀಳ್ತೀನಿ, ಬಿಟ್ ಬನ್ನಿ!"

ಯಾರು ಕೇಳುತ್ತಾರೆ? ಆ ತೊಟ್ಟಿ ಖಾಲಿ ಮಾಡಲು ಇಡೀ ಊರಿನವರು ಸೇರಿದರೂ ಒಂದು ದಿನ ಬೇಕು. ವೆನಾನ್ಸು ತೋಡುತ್ತಿದ್ದದ್ದು ನೀರನ್ನಲ್ಲ, ಮದುವೆ ಮನೆಗಳಲ್ಲಿ ಆಡಿದ್ದ ತನ್ನ ಮಾತುಗಳನ್ನು ಎಂದು ಅವಳಿಗೆ ಅರ್ಥವಾಯಿತು. ಅರ್ಥವಾಗಿ ಏನು ಪ್ರಯೋಜನ? ಗೆಳೆಯನ ಮುಖ ನೋಡಿಯೋ ಏನೋ, ಕಿಂತೀನುವೂ ಜಗಳ ಬಿಟ್ಟು ಹಗ್ಗಕ್ಕೆ ಕೈ ಕೊಟ್ಟ. ಇಬ್ಬರು ಮುದುಕರೂ ಒಟ್ಟಿಗೆ ಎಳೆದರು, ಚೆಲ್ಲಿದರು. ಅಂಗಳದ ಬೂದಿಯ ಮೇಲೆ ನೀರು ಹರಿದು ಜುಲ್ಮೀರ ನಿಂತಿದ್ದ ಗೋಡೆಯ ಬುಡಕ್ಕೆ ಬಂತು.

ಹಿಂದಿನ ಗೋಡೆ ಬಿರಿದ ಸದ್ದು ಅವಳಿಗೆ ಕೇಳಿಸಿತು. ಆಮೇಲೆ ಕಂಡದ್ದು ಬರೀ ಬಿಳಿ. ಚಪ್ಪಡಿ ಎರಡು ಹೋಳಾಗಿ ಎದ್ದಿತು, ಕಲ್ಲು, ಕೆಂಡ, ಕುದಿನೀರು ಎಲ್ಲ ಒಟ್ಟಿಗೆ ಮೇಲಕ್ಕೆ ಹೋಗಿ ಸುರಿದವು. ಅವಳನ್ನು ಗಾಳಿ ನೆಲಕ್ಕೆ ಕೆಡವಿತು. ಎದ್ದು ನೋಡುವಾಗ ಕಿಂತೀನು ಗೋಡೆಯ ಈಚೆ ಬಂದು ಬಿದ್ದಿದ್ದ, ತೋಳುಗಳ ಚರ್ಮ ಸುಲಿದು ನರಳುತ್ತಿದ್ದ. ವೆನಾನ್ಸು ಎಲ್ಲೂ ಇರಲಿಲ್ಲ. ತೊಟ್ಟಿಯಿದ್ದ ಜಾಗದೊಳಗೆ ಲಾವಾ ನಿಧಾನವಾಗಿ ಇಳಿಯುತ್ತಿತ್ತು. ಸೈನಿಕರು ಓಡಿ ಬಂದು ಅವಳನ್ನೂ ಕಿಂತೀನುವನ್ನೂ ಎತ್ತಿಕೊಂಡು ಹೋದರು. ಹೂಳಲು ಅವಳಿಗೆ ಒಂದು ಎಲುಬೂ ಸಿಗಲಿಲ್ಲ.

ಇದನ್ನು ಇಲ್ಲಿಗೇ ಬಿಟ್ಟಿದ್ದರೆ ಅದು ಬೆಟ್ಟ ಹೇಗಾಗುತ್ತದೆ? ಆ ಸಂಜೆಯೇ ಲಾವಾ ಪಶ್ಚಿಮಕ್ಕೆ ಬೇರೆ ದಾರಿ ಹಿಡಿಯಿತು. ಕಿಂತೀನುವಿನ ತೊಟ್ಟಿಯ ಗುಂಡಿಯನ್ನು ತುಂಬಿ, ನಡುವಿನ ಗೋಡೆಗೆ ಒರಗಿ, ಅಲ್ಲೇ ನಿಂತು ಕಪ್ಪಾಯಿತು. ಇಡೀ ಕೋವ ಗ್ರಾಂದದಲ್ಲಿ ಸೂರು ಬಾಗಿಲು ಸಮೇತ ಉಳಿದದ್ದು ಜುಲ್ಮೀರಳ ಮನೆ ಒಂದೇ. ಅಂಗಳದಲ್ಲಿ ತುಂಬಿದ ತೊಟ್ಟಿ.

ಬೆಟ್ಟ ತಣಿದು ಜನ ಬಯಲಿಗೆ ಮರಳಿದಾಗ ಮೊದಲು ಬಂದದ್ದು ಆ ತೊಟ್ಟಿಯ ಬಳಿಗೆ. ಗಂಡಸರು ಟೋಪಿ ತೆಗೆದರು, ಹೆಂಗಸರು ಚಪ್ಪಡಿ ಮುಟ್ಟಿ ಶಿಲುಬೆ ಗುರುತು ಹಾಕಿಕೊಂಡರು. ಸತ್ತವನಿಗಾಗಿ ಎಂಟು ದಿನದ ಪ್ರಾರ್ಥನೆಗೆ ಎಲ್ಲರೂ ಸೇರಿದಾಗ ಜುಲ್ಮೀರ ಎದ್ದು ನಿಂತು ನಡೆದದ್ದೆಲ್ಲ ಹೇಳಿದಳು. ತೂಬು ಕಿತ್ತದ್ದು, ಗೂಟ ಸುಟ್ಟದ್ದು, ಹೌದು ಹೌದು ಎನ್ನುತ್ತ ಬಂದದ್ದು. ಒಂದನ್ನೂ ಮುಚ್ಚಿಡಲಿಲ್ಲ. ಜನ ತಲೆ ತಗ್ಗಿಸಿ ಕೇಳಿದರು. ಪಾಪ, ದುಃಖಕ್ಕೆ ಬುದ್ಧಿ ಕದಡಿದೆ ಎಂದು ಯಾರೋ ಪಿಸುಗುಟ್ಟಿದರು. ಕಿಂತೀನುವಿನ ಹೆಂಡತಿ ಬೆರ್ತ ಮಾತ್ರ ಸುಮ್ಮನಿರಲಿಲ್ಲ.

"ಖಾಲಿ ಇತ್ತಂತೆ! ಹಾಗಾದ್ರೆ ಈ ಸಲ ನಿನ್ ಮನೆ ಯಾಕೆ ಉಳೀತು? ತುಂಬಿತ್ತು, ಅದಕ್ಕೆ ಉಳೀತು. ನಮ್ ತೊಟ್ಟೀನೂ ತುಂಬಿತ್ತು. ನಿನ್ ಗಂಡ ಬಂದು ಚೆಲ್ದ, ಆಮೇಲೆ ಲಾವಾ ಒಳಗ್ ಬಂತು. ಅವ್ನು ಯಾಕೆ ಚೆಲ್ದ ಹೇಳು? ನಿನ್ ಬಾಯಿಂದ ತಾನೇ? ನೀನು ಅವತ್ತೊಂದು ಘಳಿಗೆ ಬಾಯ್ಮುಚ್ಕೊಂಡಿದ್ದಿದ್ರೆ ನಿನ್ ಗಂಡ ಇರ್ತಿದ್ದ, ನನ್ ಗಂಡನ್ ಕೈ ನೆಟ್ಟಗಿರ್ತಿತ್ತು."

ವೆನಾನ್ಸು ಇರುತ್ತಿರಲಿಲ್ಲ, ಚಪ್ಪಡಿಯ ಜೊತೆ ಹಾರಿಹೋಗುತ್ತಿದ್ದ ಎನ್ನಲು ಜುಲ್ಮೀರ ಬಾಯಿ ತೆರೆದಳು. ಆದರೆ ಹಾರಿಹೋಗುತ್ತಿರಲಿಲ್ಲ. ಲಾವಾ ಅವಳ ಅಂಗಳದವರೆಗೆ ಬರಲೇ ಇಲ್ಲ. ಅವನು ಅಲ್ಲೇ ಕೂತು ಚೀಸು ತಿನ್ನುತ್ತಿದ್ದರೆ ಈಗಲೂ ಕೂತಿರುತ್ತಿದ್ದ. ಈ ಮಾತು ಅವಳ ತಲೆಗೆ ಬಂದದ್ದು ಆಗಲೇ ಮೊದಲು. ಬಂದದ್ದು ಮತ್ತೆ ಹೋಗಲಿಲ್ಲ. ಕಿಂತೀನು ಹೇಗೂ ಸಾಯುತ್ತಿದ್ದ, ಅವನನ್ನಾದರೂ ಉಳಿಸಿದಂತಾಯಿತು ಎಂದು ತನಗೆ ತಾನೇ ಹೇಳಿಕೊಂಡು ನೋಡಿದಳು. ಸಮಾಧಾನ ಆಗಲಿಲ್ಲ.

ಒಂದು ಬೆಳಿಗ್ಗೆ ಅವಳು ಹಾರೆ ತೆಗೆದುಕೊಂಡು ತೂಬಿನ ಸಿಮೆಂಟು ಒಡೆಯತೊಡಗಿದಳು. ಎರಡು ಏಟು ಬೀಳುವುದರೊಳಗೆ ಹೆಂಗಸರು ಓಡಿ ಬಂದು ಹಾರೆ ಕಿತ್ತುಕೊಂಡರು. ಬೈಯಲಿಲ್ಲ, ಅಪ್ಪಿಕೊಂಡರು, ಜೊತೆಗೆ ಅತ್ತರು. ಅಂದಿನಿಂದ ಯಾರಾದರೊಬ್ಬರು ಅಂಗಳದಲ್ಲಿ ಇದ್ದೇ ಇರುತ್ತಿದ್ದರು.

ಊರು ಮತ್ತೆ ಕಟ್ಟಲು ಶುರುವಾಯಿತು. ಹೊಸ ಲಾವಾದ ಮೇಲೇ, ಕೆಳಗಿನ್ನೂ ಬೆಚ್ಚಗಿರುವಾಗಲೇ. ಅವರಿಗೆ ಹೋಗಲು ಬೇರೆ ಎಲ್ಲಿದೆ? ಈಗ ಎಲ್ಲರೂ ಮೊದಲು ಕಟ್ಟುವುದು ತೊಟ್ಟಿ, ಮನೆ ಆಮೇಲೆ. ಹೊಸ ತೊಟ್ಟಿಗೆ ಮೊದಲ ಕೊಡ ವೆನಾ‍ನ್ಸುವಿನ ತೊಟ್ಟಿಯಿಂದ ಆಗಬೇಕು ಎಂಬ ಮಾತು ಎಲ್ಲಿ ಹುಟ್ಟಿತೋ, ಒಬ್ಬರಾದ ಮೇಲೆ ಒಬ್ಬರು ಕೊಡ ಹಿಡಿದು ಬರತೊಡಗಿದರು. ಅವಳು ಬಂದವರಿಗೆಲ್ಲ ನಿಜ ಹೇಳುತ್ತಿದ್ದಳು. ಅವರು ಚರ್ಚಿನ ಪ್ರಾರ್ಥನೆ ಕೇಳುವ ಹಾಗೆ ನಿಂತು ಕೇಳಿ, ಮುಗಿದ ಮೇಲೆ ಕೊಡ ಮುಂದಕ್ಕೆ ಚಾಚುತ್ತಿದ್ದರು. ಅವಳು ಒಲ್ಲೆ ಎಂದರೆ ತಾವೇ ಸೇದಿಕೊಂಡು ಹೋಗುತ್ತಿದ್ದರು.

ಕಿಂತೀನು ಎಲ್ಲರಿಗಿಂತ ಕೊನೆಗೆ ಬಂದ. ಕೈಗಳು ಮುದುರಿ ಹೋಗಿದ್ದವು, ಕೊಡವನ್ನು ಎರಡು ಮಣಿಕಟ್ಟಿನ ನಡುವೆ ಒತ್ತಿ ಹಿಡಿದುಕೊಂಡಿದ್ದ.

"ನೀನೂನಾ ಕುಂಪಾದ್ರಿ? ನೀನು ಅಲ್ಲೇ ಇದ್ಯಲ್ಲೋ. ಅವ್ನು ಹೇಳಿದ್ದು ಕೇಳ್ದೆ. ಸಿಡಿದದ್ದು ನೋಡ್ದೆ."

"ಕೇಳ್ದೆ ಕುಮಾದ್ರಿ. ನೋಡ್ದೆ."

"ಆವತ್ತು ಖಾಲಿ ಇತ್ತು ಕಿಂತೀನು. ದೇವರಾಣೆ, ಖಾಲಿ ಇತ್ತು."

"ಇದ್ದಿರ್ಬೋದು," ಎಂದ ಅವನು ಮೆಲ್ಲಗೆ. ತೊಟ್ಟಿಯ ಕಡೆ ನೋಡಲಿಲ್ಲ, ಬೆಟ್ಟದ ಕಡೆಯೂ ನೋಡಲಿಲ್ಲ. "ನೀನು ಹೇಳೋದು ನಿಜಾನೇ ಇರ್ಬೋದು. ಆದ್ರೆ ಮಗಳು ಬಸುರಿ. ಆ ಕಲ್ಲಿನ ಮೇಲೆ ಮನೆ ಕಟ್ತಿದೀನಿ. ರಾತ್ರಿ ನೆಲ ಗುಡುಗಿದ್ರೆ ಅವ್ಳಿಗೆ ಏನಂತ ಹೇಳ್ಲಿ, ನೀನೇ ಹೇಳು. ಒಂದ್ ಕೊಡ ಹಾಕು."

ಬೆಟ್ಟ ಮತ್ತೆ ಬಿರಿಯುತ್ತದೆ. ಇವನ ಮೊಮ್ಮಗು ದೊಡ್ಡದಾಗಿ, ಬೆನ್ನ ಹಿಂದೆ ಲಾವಾ ಏರುತ್ತಿರುವಾಗ, ಹೊಸ ಮನೆಯ ತುಂಬಿದ ತೊಟ್ಟಿಯ ಮೇಲೆ ಕಾಲು ಮಡಿಸಿ ಕೂತಿರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಗ್ಗ ಎಳೆದು ಬಕೆಟ್ಟು ಮೇಲೆ ತಂದಳು. ಅವನ ಮಣಿಕಟ್ಟುಗಳ ನಡುವೆ ಕೊಡ ವಾಲಿ ಅರ್ಧ ನೀರು ನೆಲಕ್ಕೆ ಹೋಯಿತು. ಅವಳು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿ, ಕೊಡ ತುಂಬುವವರೆಗೆ ಹಾಕಿದಳು.